ಗುಂಪಿನಲ್ಲಿ ಇನ್ನೊಬ್ಬರ ಇಂಗ್ಲಿಷ್ ತಿದ್ದುವ ಮೊದಲು

ಮಂಗಳೂರಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದೇ ನನ್ನ ಕಸುಬಾಗಿತ್ತು. ತಪ್ಪು ಕಂಡರೆ ಬೆರಳು ತುರಿಸುವುದು ನಿವೃತ್ತಿಯ ನಂತರವೂ ನಿಂತಿಲ್ಲ. ಆದರೆ ಅಲ್ಲಿ ತಿದ್ದುವುದಕ್ಕೆ ಸಂಬಳ ಕೊಡುತ್ತಿದ್ದರು. ವಾಟ್ಸ್ಆ್ಯಪ್ ಗುಂಪಿನಲ್ಲಿ ನಮ್ಮನ್ನು ಯಾರೂ ಆ ಕೆಲಸಕ್ಕೆ ನೇಮಿಸಿಲ್ಲ.

ಮೊದಲು ನೋಡಬೇಕಾದದ್ದು, ಈ ತಪ್ಪಿನಿಂದ ಯಾರಿಗಾದರೂ ತೊಂದರೆಯಾಗುತ್ತದೆಯೇ ಎಂಬುದನ್ನು. ತುಂಬೆ ಅಣೆಕಟ್ಟಿನಿಂದ ಬರುವ ನೀರು ನಾಳೆ ಇಲ್ಲವೆನ್ನಲು ವಸತಿ ಸಮುಚ್ಚಯದ ಕಾರ್ಯದರ್ಶಿಗಳು ‘ವಾಟರ್ ವಿಲ್ ನಾಟ್ ಕಮಿಂಗ್’ ಎಂದು ಬರೆದರೆ ಬಕೆಟ್ ತುಂಬಿಸಿಟ್ಟು ಸುಮ್ಮನಿರಿ. ಅವರೇ ಲಿಫ್ಟ್ ‘ಬೈ ಫ್ರೈಡೇ’ ಬಂದ್ ಎಂದು ಬರೆದರೆ? ಶುಕ್ರವಾರದೊಳಗೆ ನಿಲ್ಲುತ್ತದೆಯೋ, ಶುಕ್ರವಾರದವರೆಗೂ ನಿಂತಿರುತ್ತದೆಯೋ ತಿಳಿಯದು. ಅವರಿಗೆ ಬೇಕಿದ್ದದ್ದು ‘ಟಿಲ್’. ಐದನೇ ಮಹಡಿಯಲ್ಲಿರುವ ಮಂಡಿನೋವಿನವರಿಗೆ ಇದು ಬರಿಯ ವ್ಯಾಕರಣವಲ್ಲ. ತಿದ್ದಲೇಬೇಕು.

ತಿದ್ದುವುದು ಖಾಸಗಿಯಾಗಿ, ಅದೂ ಬೇಗ. ಕಳುಹಿಸಿದ ಸಂದೇಶವನ್ನು ಬದಲಿಸಲು ವಾಟ್ಸ್ಆ್ಯಪ್ 15 ನಿಮಿಷ ಕೊಡುತ್ತದೆ. 2023ರಲ್ಲಿ ಬಂದ ಸೌಕರ್ಯವಿದು. ಅಷ್ಟರೊಳಗೆ ‘ಸರ್, ಲಿಫ್ಟ್ ಶುಕ್ರವಾರದವರೆಗೆ ಇಲ್ಲವೆಂದಲ್ಲವೇ? ಟಿಲ್ ಎಂದು ಹಾಕಿದರೆ ಗೊಂದಲವಿರುವುದಿಲ್ಲ’ ಎಂದು ಅವರೊಬ್ಬರಿಗೇ ಬರೆಯಿರಿ. ಅವರೇ ಸರಿಪಡಿಸುತ್ತಾರೆ, ಮಾನವೂ ಉಳಿಯುತ್ತದೆ. ನಿಯಮ ವಿವರಿಸಬೇಡಿ. ಹೊತ್ತು ಮೀರಿದ್ದರೆ ಗುಂಪಿನಲ್ಲೇ ಸರಿಯಾದ ವಾಕ್ಯದಲ್ಲಿ ವಿಷಯವನ್ನು ಮತ್ತೊಮ್ಮೆ ಹೇಳಿ ಧನ್ಯವಾದ ತಿಳಿಸಿ, ತಪ್ಪಿನ ಮಾತೆತ್ತಬೇಡಿ. ಪಾಲಿಕೆಗೆ ಕೊಡುವ ಮನವಿಯನ್ನೋ ಮಗಳ ಕೆಲಸದ ಅರ್ಜಿಯನ್ನೋ ಯಾರಾದರೂ ತಾವಾಗಿಯೇ ತೋರಿಸಿದರೆ ಧಾರಾಳವಾಗಿ ಕೆಂಪು ಶಾಯಿ ಹರಿಸಬಹುದು.

ವಾದದ ನಡುವೆ ಮಾತ್ರ ಬೇಡವೇ ಬೇಡ. ಪಾರ್ಕಿಂಗ್ ಜಾಗದ ಜಗಳದಲ್ಲಿ ಎದುರಾಳಿಯ ಸ್ಪೆಲಿಂಗ್ ಎತ್ತಿದವರನ್ನು ನಾನು ಸೋತವರ ಲೆಕ್ಕಕ್ಕೇ ಸೇರಿಸುತ್ತೇನೆ. ನಮ್ಮೂರಿನಲ್ಲಿ ಮನೆಯಲ್ಲಿ ಕೊಂಕಣಿಯೋ ಬ್ಯಾರಿಯೋ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಎಷ್ಟೋ ಜನರಿಗೆ ಇಂಗ್ಲಿಷ್ ನಾಲ್ಕನೆಯದು. ಅದರಲ್ಲಿ ಜಗಳವಾಡುವುದೇ ದೊಡ್ಡ ಸಾಹಸ.

ತಪ್ಪೇ ಅಲ್ಲದ್ದನ್ನು ತಿದ್ದುವವರೂ ಇದ್ದಾರೆ. ಸಭೆಯನ್ನು ‘ಪ್ರಿಪೋನ್’ ಮಾಡಿದೆವು, ಎಂದರೆ ನಿಗದಿಗಿಂತ ಮುಂಚೆ ಇಟ್ಟುಕೊಂಡೆವು ಎಂದರೆ ನಗುತ್ತಾರೆ. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಆ ಪದವಿದೆ. ವಾಕ್ಯದ ಕೊನೆಗೆ ‘ಇನ್’, ‘ಟು’, ‘ವಿತ್’ನಂಥ ಪ್ರಿಪೊಸಿಷನ್ ಬರಬಾರದೆನ್ನುತ್ತಾರೆ. ಅದನ್ನು 1672ರಲ್ಲಿ ದೋಷವೆಂದು ಎತ್ತಿ ತೋರಿಸಿದವನು ಜಾನ್ ಡ್ರೈಡನ್ ಎಂಬ ಕವಿ, ಅದೂ ನಾಟಕಕಾರ ಬೆನ್ ಜಾನ್ಸನ್‌ನ ಬರಹದಲ್ಲಿ. ಇಂಗ್ಲಿಷರು ಅದಕ್ಕೆ ಮೊದಲೂ ಆಮೇಲೂ ಹಾಗೆಯೇ ಬರೆಯುತ್ತ ಬಂದಿದ್ದಾರೆ. ಅನುಮಾನವಿದ್ದರೆ ನಿಘಂಟು ತೆರೆಯಿರಿ, ಬಾಯಿ ಆಮೇಲೆ.

ಇನ್ನು ನಿಮ್ಮ ಸಂದೇಶ. ಇನ್ನೊಬ್ಬರನ್ನು ತಿದ್ದುವ ಬರಹದಲ್ಲೇ ತಪ್ಪು ನುಸುಳುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಸಂಪಾದಕ ಜಾನ್ ಬ್ಯಾಂಗ್‌ಸಂಡ್ 1992ರಲ್ಲಿ ‘ಮಫ್ರಿಯ ನಿಯಮ’ ಎಂದು ಹೆಸರಿಟ್ಟ, ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ ಎನ್ನುವ ‘ಮರ್ಫಿಯ ನಿಯಮ’ದ ಹೆಸರನ್ನು ಬೇಕೆಂದೇ ತಪ್ಪಾಗಿ ಬರೆದು. ಕಳುಹಿಸುವ ಮುನ್ನ ಒಮ್ಮೆ ಕೊನೆಯ ಪದದಿಂದ ಹಿಂದಕ್ಕೆ ಓದಿ. ಅರ್ಥ ಕಣ್ಣಿಗೆ ಮಂಕು ಕವಿಸುವುದಿಲ್ಲವಾದ್ದರಿಂದ ಬಿಟ್ಟುಹೋದ ಅಕ್ಷರ ಥಟ್ಟನೆ ಕಾಣುತ್ತದೆ.