ಐದು ರಂಧ್ರ, ಐದು ರಾಗ: ಶಾಕುಹಾಚಿಯಲ್ಲಿ ಗ್ರಹಭೇದ

"ಏಳು ರಂಧ್ರದ ಶಾಕುಹಾಚಿ ಒಂದು ತಗೊಂಡ್ಬಿಡು, ಸುಮ್ಮನೆ ಯಾಕೆ ಒದ್ದಾಡ್ತೀಯ?" ಈ ಮಾತನ್ನು ಬೆಂಗಳೂರಿನ ಕೊಳಲು ಗೆಳೆಯರಿಂದಲೂ ಕೇಳಿದ್ದೇನೆ, ಇಲ್ಲಿ ಟೋಕಿಯೋದ ಶಾಕುಹಾಚಿ ಬಳಗದವರಿಂದಲೂ ಕೇಳಿದ್ದೇನೆ. ಶಾಕುಹಾಚಿ ಅಂದರೆ ನೆಟ್ಟಗೆ ಹಿಡಿದು ಊದುವ ಜಪಾನಿನ ಬಿದಿರು ಕೊಳಲು, ಅದಕ್ಕೆ ಸಾಮಾನ್ಯವಾಗಿ ಐದೇ ರಂಧ್ರ. ಐದು ರಂಧ್ರದಲ್ಲಿ ರಾಗ ನಿಲ್ಲುವುದಿಲ್ಲ, ನಿಂತರೂ ಸ್ವರ ಅಲುಗಿಸುವ ಗಮಕ ಹುಟ್ಟುವುದಿಲ್ಲ ಎಂಬುದು ಎರಡೂ ಕಡೆಯವರ ತೀರ್ಮಾನವಾಗಿತ್ತು. ಕಳೆದ ಚಳಿಗಾಲದಲ್ಲಿ ಸುಮಾರು ಇಪ್ಪತ್ತು ನಿಮಿಷದ ನನ್ನ ರಚನೆಯನ್ನು ಒಂದೇ 1.8 ಶಾಕು (ಜಪಾನಿನ ಉದ್ದದ ಅಳತೆ) ಕೊಳಲಲ್ಲಿ, ಕೊಳಲು ಬದಲಿಸದೆ, ಐದು ರಾಗಗಳಲ್ಲಿ ನುಡಿಸಿ ಮುಗಿಸಿದೆ. ಬೇಡ ಅಂದವರಲ್ಲೇ ಇಬ್ಬರು ಈಗ ಅದರ ಸ್ವರಲಿಪಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗ್ರಹಭೇದ, ಅಂದರೆ ಅವೇ ಸ್ವರಗಳಲ್ಲಿ ಬೇರೊಂದನ್ನು ಷಡ್ಜ ಮಾಡಿಕೊಂಡು ಬೇರೆ ರಾಗ ಹುಟ್ಟಿಸುವುದು, ಗೊತ್ತಿರುವವರಿಗೆ ಉಪಾಯ ತಕ್ಷಣ ಹೊಳೆಯುತ್ತದೆ. 1.8 ಅಂದರೆ ಸುಮಾರು 54.5 ಸೆಂಟಿಮೀಟರ್ ಉದ್ದ, ಮುಂದೆ ನಾಲ್ಕು, ಹಿಂದೆ ಒಂದು ರಂಧ್ರ. ತೆರೆದ ಸ್ವರಗಳು ಡಿ, ಎಫ್, ಜಿ, ಎ, ಸಿ. ಇಲ್ಲಿಯವರು ಅವನ್ನು ರೋ, ತ್ಸು, ರೆ, ಚಿ, ರಿ ಎನ್ನುತ್ತಾರೆ. ರೋ ಷಡ್ಜವಾದರೆ ಶುದ್ಧ ಧನ್ಯಾಸಿ, ತ್ಸು ಷಡ್ಜವಾದರೆ ಮೋಹನ, ರೆ ಹಿಡಿದರೆ ಮಧ್ಯಮಾವತಿ, ಚಿ ಹಿಡಿದರೆ ಹಿಂದೋಳ, ರಿ ಹಿಡಿದರೆ ಶುದ್ಧ ಸಾವೇರಿ. ಅರ್ಧ ರಂಧ್ರ ಬೇಡ, ಗದ್ದ ಬಗ್ಗಿಸುವುದೂ ಬೇಡ, ಐದೂ ರಾಗದ ಎಲ್ಲ ಸ್ವರಗಳೂ ಪೂರ್ತಿ ಗಂಟಲಿನಿಂದ ಬರುತ್ತವೆ. ಕಾಗದದ ಮೇಲೆ ಇದು ಯಾವ ವಿದ್ಯಾರ್ಥಿಗೂ ಗೊತ್ತು. ಕೇಳುವವರ ಕಿವಿ ಷಡ್ಜ ಬದಲಾಯಿತು ಎಂದು ಒಪ್ಪಬೇಕಲ್ಲ, ಕಷ್ಟ ಇರುವುದು ಅಲ್ಲಿ.

ಮೊದಮೊದಲು ಎಲೆಕ್ಟ್ರಾನಿಕ್ ತಂಬೂರ ಇಟ್ಟುಕೊಂಡು ನುಡಿಸುತ್ತಿದ್ದೆ. ಶ್ರುತಿ ಡಿಯಲ್ಲಿ ನಿಂತಿದ್ದರೆ ನಾನು ಮೋಹನ ಎಂದುಕೊಂಡು ಏನು ನುಡಿಸಿದರೂ ಕೇಳುವವರಿಗೆ ಅದು ಶುದ್ಧ ಧನ್ಯಾಸಿಯೇ. ನಮ್ಮ ಕಛೇರಿಯಲ್ಲಿ ಗ್ರಹಭೇದ ಎರಡು ನಿಮಿಷದ ಚಮತ್ಕಾರ, ಅಷ್ಟಕ್ಕೆ ಶ್ರುತಿ ನಿಂತಿದ್ದರೂ ನಡೆಯುತ್ತದೆ. ನಾಲ್ಕೈದು ನಿಮಿಷ ಒಂದೇ ರಾಗದಲ್ಲಿ ಕೂರಬೇಕೆಂದರೆ ನಡೆಯುವುದಿಲ್ಲ. ತಂಬೂರದ ಶ್ರುತಿಯನ್ನೇ ನಡುವೆ ಬದಲಿಸಿ ನೋಡಿದೆ; ರೇಡಿಯೋ ಸ್ಟೇಷನ್ ಬದಲಿಸಿದ ಹಾಗೆ ಕೇಳಿಸಿತು. ಆ ರೂಪದಲ್ಲಿ ಮಾಡಿದ ಎರಡು ಕಾರ್ಯಕ್ರಮಗಳೂ ಬಿದ್ದುಹೋದವು.

ದಾರಿ ತೋರಿಸಿದ್ದು ಮಲಗಿಸಿಟ್ಟು ಮೀಟುವ ಜಪಾನಿನ ತಂತಿವಾದ್ಯ ಕೊಟೊ, ಅದರಲ್ಲೂ ಹದಿನೇಳು ತಂತಿಯ ಬಾಸ್ ಕೊಟೊ. ಕೊಟೊ ವಾದಕ ಮಿಯಾಗಿ ಮಿಚಿಯೊ 1921ರಲ್ಲಿ ರೂಪಿಸಿದ ವಾದ್ಯ ಅದು. ತಂತಿಗಳನ್ನೆಲ್ಲ ನನ್ನ ಐದೇ ಸ್ವರಕ್ಕೆ ಸೇರಿಸಿಬಿಟ್ಟರೆ ರಾಗ ಬದಲಾದಾಗ ತಂತಿಯಡಿಯ ಒಂದು ಕುದುರೆಯನ್ನೂ ಸರಿಸಬೇಕಿಲ್ಲ. ವಾದಕಿ ಕೆಳಗಿನ ತಂತಿಗಳಲ್ಲಿ ಹೊಸ ಷಡ್ಜ ಪಂಚಮವನ್ನು ಮೀಟಲು ಶುರು ಮಾಡಿದರೆ ಮುಗಿಯಿತು, ನೆಲವೇ ಸರಿಯುತ್ತದೆ. ಹಿಂದೋಳಕ್ಕೆ ಪಂಚಮ ಇಲ್ಲದ್ದರಿಂದ ಅಲ್ಲಿ ಎ ಮತ್ತು ಡಿ, ಅಂದರೆ ಷಡ್ಜ ಮಧ್ಯಮ. ಮೋಹನದಿಂದ ಹಿಂದೋಳಕ್ಕೆ ದಾಟುವ ಜಾಗ ಮಾತ್ರ ಬಹಳ ಕಾಡಿತು. ಅದನ್ನು ಹೇಗೆ ದಾಟಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕೈಗೆ ಬರಲು ನನಗೆ ಒಂದು ವರ್ಷವೇ ಹಿಡಿಯಿತು.

ಈಗ ಗಮಕದ ವಿಷಯ. ಗದ್ದ ಇಳಿಸಿ ಶ್ರುತಿ ತಗ್ಗಿಸುವುದು ಮೇರಿ, ಎತ್ತಿ ಏರಿಸುವುದು ಕಾರಿ. ನಮ್ಮವರು ಮೊದಲು ಹೋಗಿ ಬೀಳುವುದೇ ಮೇರಿಯ ಮೇಲೆ, ಏಕೆಂದರೆ ಜಾರುವಿಕೆ ಅಲ್ಲಿ ತಾನೇ ಸಿಗುತ್ತದೆ. ಆದರೆ ಮೇರಿಯಲ್ಲಿ ಸ್ವರ ಇಳಿಯುವುದರ ಜೊತೆಗೆ ದನಿಯೂ ಮಂಕಾಗುತ್ತದೆ. ಹಿಂದೋಳದ ಧೈವತವನ್ನು ಬರೀ ಗದ್ದದಿಂದ ಅಲುಗಿಸಿದರೆ ಪ್ರತಿ ಅಲೆಯ ತಳದಲ್ಲೂ ನಾದ ಸಾಯುತ್ತದೆ. ಅಲ್ಲಿ ಧೈವತ ಅಂದರೆ ತ್ಸು, ನಿಷಾದ ಅಂದರೆ ರೆ. ನಾನು ಮಾಡುವುದು ಹೀಗೆ: ತ್ಸು ಹಿಡಿದು, ಕೆಳಗಿನಿಂದ ಎರಡನೇ ರಂಧ್ರದ ಮೇಲೆ ಬೆರಳನ್ನು ಕೊಳಲಲ್ಲಿ ಉರುಳಿಸುವಂತೆಯೇ ಉರುಳಿಸಿ ರೆ ಮುಟ್ಟಿಸುತ್ತೇನೆ; ಬೆರಳು ಮುಚ್ಚಿಕೊಳ್ಳುವ ಕ್ಷಣಕ್ಕೆ ಗದ್ದ ಕೂದಲೆಳೆಯಷ್ಟು ಕೆಳಗೆ. ಮುಕ್ಕಾಲು ಕೆಲಸ ಬೆರಳಿನದು, ಕಾಲು ಕೆಲಸ ಕುತ್ತಿಗೆಯದು. ಕುತ್ತಿಗೆ ಅಲುಗಿಸಲು ಮೂರು ವರ್ಷ, ಕೊರೊ ಎಂಬ ಬೆರಳ ಕಂಪನ ಬರಲು ಎಂಟು ವರ್ಷ ಎಂದು ಇಲ್ಲಿ ಗಾದೆಯೇ ಇದೆ. ಗಾದೆ ಸುಳ್ಳಲ್ಲ, ಆದರೆ ಕೊಳಲಲ್ಲಿ ಪಳಗಿದ ಬೆರಳಿದ್ದರೆ ಅರ್ಧ ಸಮಯ ಉಳಿಯುತ್ತದೆ.

ನಾಲಿಗೆಯಿಂದ ಸ್ವರ ಬಿಡಿಸುವ ತುತ್ತುಕಾರವನ್ನು ಪೂರ್ತಿ ಬಿಟ್ಟುಬಿಡಿ. ಶಾಕುಹಾಚಿಗೆಂದೇ ಇರುವ ಹಳೆಯ ರಚನೆಗಳಾದ ಹೊಂಕ್ಯೊಕುಗಳಲ್ಲಿ ನಾಲಿಗೆಯ ಕೆಲಸವೇ ಇಲ್ಲ. ಒಂದೇ ಸ್ವರ ಎರಡು ಸಲ ಬರಬೇಕಾದರೆ ನಡುವೆ ಒಂದು ರಂಧ್ರವನ್ನು ಬೆರಳಿಂದ ಫಟ್ಟನೆ ತಟ್ಟುತ್ತಾರೆ. ಒಂದೇ ಸ್ವರ ಎರಡನೇ ಸಲ ಒತ್ತಿ ಬರುವ ನಮ್ಮ ಸ್ಫುರಿತಕ್ಕೆ ಇದಕ್ಕಿಂತ ಒಳ್ಳೆಯ ಗೆಳೆಯ ನನಗೆ ಬೇರೆ ವಾದ್ಯದಲ್ಲಿ ಸಿಕ್ಕಿಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ. ಮೊದಲ ಪ್ಲಾಸ್ಟಿಕ್ ಕೊಳಲಿಗೆ ಹನ್ನೆರಡು ಸಾವಿರ ಯೆನ್ ಆಸುಪಾಸು ಆಗಿತ್ತು. ಈಗ ನುಡಿಸುವ ಬಿದಿರಿನದಕ್ಕೆ ನಾಲ್ಕು ಲಕ್ಷದ ಮೇಲೆ, ಕಂತಿನಲ್ಲಿ ತೀರಿಸಿದೆ. ಎರಡನೇ ಚಳಿಗಾಲದಲ್ಲೇ ಅದು ಬಾಯಿಬಿಟ್ಟಿತು. ಇಲ್ಲಿನ ಜನವರಿಯ ಒಣಗಾಳಿ, ಮೇಲೆ ಒಂದು ಸಭಾಂಗಣದ ಹೀಟರ್. ವಿರಾಮದಲ್ಲಿ ಟಕ್ ಎಂದು ಸದ್ದು, ನೋಡಿದರೆ ಹಿಂಬದಿಯಲ್ಲಿ ಉದ್ದಕ್ಕೂ ಗೆರೆ. ದಾರ ಬಿಗಿದು ಸರಿಮಾಡಿಸಲು ಮೂವತ್ತು ಸಾವಿರ ಯೆನ್ ಹತ್ತಿರ ಹೋಯಿತು. ಈಗ ನವೆಂಬರಿನಿಂದ ಮಾರ್ಚ್‌ವರೆಗೆ ಪ್ಲಾಸ್ಟಿಕ್ ಚೀಲ ಬಿಟ್ಟು ಹೊರಗಿಡುವುದಿಲ್ಲ.

ಲೈವ್ ಹೌಸುಗಳ (ಸಣ್ಣ ಸಂಗೀತ ಸಭಾಂಗಣಗಳ) ನೊರುಮಾ ಪದ್ಧತಿ ಇಲ್ಲಿರುವವರಿಗೆ ಗೊತ್ತು: ಇಷ್ಟು ಟಿಕೆಟ್ ನೀನೇ ಮಾರಬೇಕು, ಮಾರದಿದ್ದರೆ ಕೈಯಿಂದ ಕಟ್ಟಬೇಕು. ಹೆಚ್ಚುಕಮ್ಮಿ ಎರಡು ವರ್ಷ ನಾನು ನುಡಿಸಿದ್ದಕ್ಕೆ ನಾನೇ ದುಡ್ಡು ಕೊಟ್ಟಿದ್ದೇನೆ. ಬಾಸ್ ಕೊಟೊ ಸಾಗಿಸಲು ವ್ಯಾನ್ ಬಾಡಿಗೆ ಬೇರೆ. ಭಾರತೀಯರು ಹೆಚ್ಚಿರುವ ನಿಶಿ ಕಸಾಯ್‌ನ ನಮ್ಮ ಜನ ಒಂದೆರಡು ಸಲ ಟಿಕೆಟ್ ಕೊಂಡು ಕಾಪಾಡಿದರು. ಕೈ ಹಿಡಿದದ್ದು ಶಾಲೆಗಳು. 2002ರಿಂದ ಇಲ್ಲಿನ ಕಿರಿಯ ಪ್ರೌಢಶಾಲೆಗಳ ಮಕ್ಕಳು ಜಪಾನಿನ ಒಂದು ಸಾಂಪ್ರದಾಯಿಕ ವಾದ್ಯವನ್ನಾದರೂ ಮುಟ್ಟಲೇಬೇಕು, ಅದು ಪಠ್ಯಕ್ರಮದಲ್ಲಿದೆ. ಒಂದು ಶಾಲೆಗೆ ಮೂವತ್ತರಿಂದ ನಲವತ್ತು ಸಾವಿರ ಯೆನ್ ಸಿಗುತ್ತದೆ. ಒಂದೇ ಕೊಳಲಲ್ಲಿ ಮನೆ ಬದಲಾದಂತೆ ಐದು ಭಾವ ತೋರಿಸಿದಾಗ ಮಕ್ಕಳು ಮೊದಲು ಕೇಳುವುದು "ಕೊಳಲು ಬದಲಿಸಿದ್ರಾ?" ಎಂದು. ವಿಮರ್ಶಕರ ಮೆಚ್ಚುಗೆಗಿಂತ ನನಗೆ ಆ ಪ್ರಶ್ನೆಯೇ ದೊಡ್ಡದು.

ಸಂಪ್ರದಾಯ ಕೆಡಿಸುತ್ತಿದ್ದೀಯ ಎಂದವರೂ ಇದ್ದಾರೆ. 1871ರಲ್ಲಿ ಜಪಾನ್ ಸರ್ಕಾರ ಶಾಕುಹಾಚಿ ಊದುವ ಜೆನ್ ಬೌದ್ಧರ ಫುಕೆ ಪಂಥವನ್ನೇ ರದ್ದುಮಾಡಿದಾಗ ಅದರ ಬುಟ್ಟಿ ಟೋಪಿಯ ಸನ್ಯಾಸಿಗಳಾದ ಕೊಮುಸೊಗಳ ಬದುಕು ಬೀದಿಗೆ ಬಿತ್ತು. ಆಗ ಕೊಟೊ, ಮೂರು ತಂತಿಯ ಶಾಮಿಸೆನ್ ಜೊತೆ ಕೂತು ನುಡಿಸಿದ್ದರಿಂದಲೇ ಈ ವಾದ್ಯ ಉಳಿಯಿತು. 1896ರಲ್ಲಿ ನಕಾವೊ ತೋಜಾನ್ ಒಸಾಕಾದಲ್ಲಿ ಶಾಕುಹಾಚಿಯ ಹೊಸ ಪರಂಪರೆಯನ್ನೇ ಕಟ್ಟಿದರು. ನಾನು ರಂಧ್ರ ಕೊರೆದಿಲ್ಲ, ಕೊಳಲು ತಿದ್ದಿಲ್ಲ, ಷಡ್ಜವನ್ನಷ್ಟೇ ಸರಿಸಿದ್ದೇನೆ.

ನಡುವೆ ಬೇರೆ ಹುಚ್ಚುಗಳೂ ಇದ್ದವು. ಊರಿಗೆ ಹೋದಾಗ ಮಲೆನಾಡಿನ ಗಟ್ಟಿ ಬಿದಿರಿನ ಬುಡ ತಂದು ಕೊರೆದು ನೋಡಿದೆ. ಒಳಗೆ ಪೊಳ್ಳೇ ಸಾಲದು, ಡ್ರಿಲ್ ಬಿಟ್ ಸುಟ್ಟಿತು. ಇಲ್ಲಿಯವರು ಬಳಸುವ ಮದಾಕೆ ಬಿದಿರಿನ ಬುಡಕ್ಕೆ ಅದು ಸಮವಲ್ಲ. ಪಿವಿಸಿ ಪೈಪಿನದು ಮಾತ್ರ ಇನ್ನೂರು ರೂಪಾಯಿಯೊಳಗೆ ಚೆನ್ನಾಗಿಯೇ ಬಂತು, ತಂಗಿಯ ಮಗ ಈಗಲೂ ಊದುತ್ತಾನೆ. ಮಿಯಾಕೊ ಬುಶಿ ಎಂಬ ಜಪಾನಿ ಸ್ವರಶ್ರೇಣಿಯ ಸ್ವರಗಳು ನಮ್ಮ 'ಕರ್ನಾಟಕ ಶುದ್ಧ ಸಾವೇರಿ' (ಮೇಲಿನ ಶುದ್ಧ ಸಾವೇರಿ ಅಲ್ಲ, ಬೇರೆ ರಾಗ) ರಾಗದವೇ ಆದ್ದರಿಂದ ಅದನ್ನೂ ಸೇರಿಸಲು ನೋಡಿದೆ. ಆದರೆ ಅದರ ರಿಷಭ, ಧೈವತ ಎರಡೂ ಮೇರಿಯಲ್ಲಿ ಬರುತ್ತವೆ. ಬೇರೆ ಐದು ರಾಗಗಳ ತುಂಬು ದನಿಯ ಪಕ್ಕದಲ್ಲಿ ಅದು ಮೂಲೆಗೆ ಸರಿದ ಹಾಗಾಯಿತು, ಬೇರೆಯೇ ತುಣುಕಾಗಿ ಎತ್ತಿಟ್ಟಿದ್ದೇನೆ.

ಉಳಿದಿರುವ ತೊಡಕು ಶುದ್ಧ ಧನ್ಯಾಸಿಯದು. ರೋ ಷಡ್ಜವಾದಾಗ ಮಂದ್ರವೇ ಇಲ್ಲ, ಕೆಳಗೆ ಇಳಿಯಲು ಜಾಗವಿಲ್ಲ. ಸದ್ಯ ಆ ಭಾಗವನ್ನು ಬಾಸ್ ಕೊಟೊಗೆ ಬಿಟ್ಟಿದ್ದೇನೆ. ಎ ಶ್ರುತಿಯ, ಇನ್ನೂ ಉದ್ದದ 2.4 ಶಾಕು ಕೊಳಲೊಂದನ್ನು ಸಾಲ ತಂದು ನೋಡುತ್ತಿದ್ದೇನೆ. ಅದರಲ್ಲಿ ಡಿ ಷಡ್ಜವಾದರೆ ಮಂದ್ರ ಪಂಚಮ ನಿಷಾದ ಎರಡೂ ಸಿಗುತ್ತವೆ, ಆದರೆ ತೆರೆದ ಸ್ವರಗಳಲ್ಲಿ ಬರುವುದು ಮಧ್ಯಮಾವತಿ. ಗಾಂಧಾರವನ್ನು ಅರ್ಧ ರಂಧ್ರದಲ್ಲಿ ಹುಡುಕಬೇಕು. ಬೆರಳುಗಳ ನಡುವಿನ ಅಂತರಕ್ಕೆ ನನ್ನ ಬಲಗೈ ಇನ್ನೂ ಒಗ್ಗಿಲ್ಲ. ಕೊಂಡರೆ ಐದು ಲಕ್ಷ ಯೆನ್ ದಾಟುತ್ತದೆ, ಅದಕ್ಕೆ ಇನ್ನೊಂದು ವರ್ಷದ ಶಾಲೆಗಳು ಬೇಕು.