ಅಟ್ಟದ ಮೇಲಿನ ಮದ್ದಿನ ಬಂದೂಕನ್ನು ಜೋಪಾನ ಮಾಡುವ ಕ್ರಮ

ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿ ಭಾಗದ ಹಳೆಯ ಮನೆಗಳಲ್ಲಿ ಅಟ್ಟ ಸ್ವಚ್ಛ ಮಾಡುವಾಗ, ಬಾಯಿಂದ ಮದ್ದು ತುಂಬುವ ನಾಡಬಂದೂಕು ಸಿಗುವುದುಂಟು. ಅಜ್ಜನ ಕಾಲದಲ್ಲಿ ಹಂದಿಯಿಂದ ಗೋವಿನಜೋಳ ಕಾಯಲು ಇಟ್ಟುಕೊಂಡಿದ್ದ ಈ ವಸ್ತುವಿನ ಮೇಲೆ ಮೊಮ್ಮಕ್ಕಳಿಗೆ ಆಸಕ್ತಿ ಹುಟ್ಟುವುದು ಸಹಜ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಅಂದಿನಿಂದ ಕಲಿತದ್ದನ್ನು ಕೆಲಸದ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು, ಬಂದೂಕಿನಲ್ಲಿ ಮದ್ದು ತುಂಬಿದೆ ಎಂದೇ ತಿಳಿದುಕೊಂಡು ಅದನ್ನು ಮುಟ್ಟಬೇಕು. ಹೊಲಕ್ಕೆ ಹೋದವರು ಹಂದಿ ಬಾರದಿದ್ದರೆ ತುಂಬಿದ ಬಂದೂಕನ್ನು ಹಾಗೆಯೇ ಗೋಡೆಗೆ ಆನಿಸಿ ಇಡುತ್ತಿದ್ದರು. ಬಾಯಿಂದ ತುಂಬಿದ್ದನ್ನು ಹೊರತೆಗೆಯುವುದು ಸುಲಭವಲ್ಲವಾದ್ದರಿಂದ ಅದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತಿತ್ತು. ಇಂಥ ಬಂದೂಕಿಗೆ ತುಂಬುವ ಕರಿಮದ್ದು ಒಣಗಿದ ಸ್ಥಿತಿಯಲ್ಲಿದ್ದರೆ ನೂರು ವರ್ಷ ಕಳೆದರೂ ಅದರ ಶಕ್ತಿ ಕುಂದುವುದಿಲ್ಲ. ಅಮೆರಿಕದ ಅಂತರ್ಯುದ್ಧ ಕಾಲದ ತೋಪಿನ ಗುಂಡೊಂದು 2008ರಲ್ಲಿ ವರ್ಜೀನಿಯಾದಲ್ಲಿ ಸಿಡಿದು, ಅದನ್ನು ಸ್ವಚ್ಛ ಮಾಡುತ್ತಿದ್ದ ಅನುಭವಿ ಸಂಗ್ರಾಹಕನೇ ಜೀವ ಕಳೆದುಕೊಂಡನು. ಆ ಮದ್ದಿಗೆ ಆಗ ಸುಮಾರು 140 ವರ್ಷ ವಯಸ್ಸಾಗಿತ್ತು.

ಪರೀಕ್ಷಿಸುವ ವಿಧಾನ ಸರಳವಾಗಿದೆ. ನಳಿಕೆಯ ಬಾಯಿ ಯಾರ ಕಡೆಗೂ, ತಮ್ಮ ಮುಖದ ಕಡೆಗೂ ಇರದಂತೆ ಹಿಡಿದು, ಮೊದಲು ನಿಪ್ಪಲ್ (ನಳಿಕೆಯ ಹಿಂತುದಿಯಲ್ಲಿರುವ ತೂತುಳ್ಳ ಸಣ್ಣ ಮೊಳಕೆ) ಮೇಲೆ ಕೇಪು (ಬಡಿದರೆ ಕಿಡಿ ಹಾರಿಸುವ ಪುಟ್ಟ ಲೋಹದ ಟೋಪಿ) ಇದೆಯೇ ಎಂದು ಕಣ್ಣಿನಿಂದಷ್ಟೇ ನೋಡಬೇಕು. ಕೇಪು ಇದ್ದರೆ ಅಲ್ಲಿಗೇ ನಿಲ್ಲಿಸಬೇಕು. ಅದನ್ನು ಉಗುರಿನಿಂದಾಗಲಿ ಚಾಕುವಿನಿಂದಾಗಲಿ ಕೀಳಬಾರದು, ಕೇಪಿಗೆ ಬಡಿಯುವ ಕುದುರೆಯನ್ನು ಎತ್ತಿಯೂ ನೋಡಬಾರದು. ಕೇಪು ಇಲ್ಲದಿದ್ದರೆ ಸಪೂರವಾದ ಕಟ್ಟಿಗೆಯ ಕೋಲನ್ನು ನಳಿಕೆಯೊಳಗೆ ಮೆಲ್ಲಗೆ ತಳದವರೆಗೆ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಕೋಲಿನ ಮೇಲೆ ಗುರುತು ಮಾಡಬೇಕು. ಆ ಕೋಲನ್ನು ಹೊರತೆಗೆದು, ಗುರುತು ಬಾಯಿಯ ಅಂಚಿಗೆ ಬರುವಂತೆ ನಳಿಕೆಯ ಹೊರಮೈಗೆ ಹೊಂದಿಸಿ ಹಿಡಿದಾಗ ಅದರ ತುದಿ ನಿಪ್ಪಲ್ ಅಥವಾ ಒಳಗಿನ ಮದ್ದಿಗೆ ಕಿಡಿ ತಾಗಿಸುವ ರಂಜಕದ ತೂತಿನ ತನಕ ಬಂದರೆ ನಳಿಕೆ ಖಾಲಿ ಇದೆ ಎನ್ನಬಹುದು. ಒಂದೆರಡು ಅಂಗುಲ ಮೊದಲೇ ನಿಂತರೆ ಒಳಗೆ ಏನೋ ಇದೆ. ಅದು ಜೇಡರ ಬಲೆಯೋ ಮದ್ದೋ ಎಂಬುದನ್ನು ತೀರ್ಮಾನಿಸುವ ಕೆಲಸ ನಮ್ಮದಲ್ಲ. ಬಂದೂಕನ್ನು ಮತ್ತೆ ಅಲುಗಾಡಿಸದೆ, ಅದಿದ್ದ ಕೋಣೆಗೆ ಬೀಗ ಹಾಕಿ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಜೊತೆಗೆ ಮದ್ದು ತುಂಬಿಡುವ ಕೊಂಬೋ ಕೇಪಿನ ಡಬ್ಬಿಯೋ ಸಿಕ್ಕರೂ ಕ್ರಮ ಇದೇ. ಮುಚ್ಚಳ ತೆರೆದು ನೋಡುವ ಕುತೂಹಲವನ್ನು ಬಿಡಬೇಕು.

ಇನ್ನು ಕಾಗದಪತ್ರದ ಮಾತು. ಹಳೆಯದಾದ ಮಾತ್ರಕ್ಕೆ ಲೈಸೆನ್ಸ್ ಬೇಡ ಎಂಬ ನಂಬಿಕೆ ನಮ್ಮ ಕಡೆ ಬಹಳ ಜನರಲ್ಲಿದೆ, ಅದು ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ ಹಳೆಯ ಆಯುಧಕ್ಕೆ ಮಾತ್ರ. ಲೈಸೆನ್ಸಿನಿಂದ ಕೊಡವರಿಗೆ ಇರುವ ವಿನಾಯಿತಿ ಹಾವೇರಿ, ಗದಗ, ಧಾರವಾಡದವರಿಗೆ ಇಲ್ಲ. ಲೈಸೆನ್ಸ್ ಹೊಂದಿದ್ದ ಹಿರಿಯರು ತೀರಿಕೊಂಡಿದ್ದರೆ ಬಂದೂಕನ್ನು ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ವ್ಯಾಪಾರಿಯಲ್ಲಿ ಠೇವಣಿ ಇಡುವುದಕ್ಕೆ 21ನೆಯ ಕಲಮಿನಲ್ಲಿ ದಾರಿ ಇದೆ. ವಾರಸುದಾರರು ನಿಗದಿತ ಅವಧಿಯೊಳಗೆ ಲೈಸೆನ್ಸ್ ಪಡೆದರೆ ಅದು ಮರಳಿ ಸಿಗುತ್ತದೆ. ಬೆಳೆರಕ್ಷಣೆಗಾಗಿ ಇಂಥ ಬಂದೂಕಿಗೆ ಲೈಸೆನ್ಸ್ ಕೊಡುವ ಅವಕಾಶವೂ ಅದೇ ಕಾಯ್ದೆಯಲ್ಲಿದೆ. ಆದರೆ ಮನೆಯಲ್ಲಿ ಮದ್ದು ಅರೆಯುವ ಆಸೆಗೆ ಯಾವ ಲೈಸೆನ್ಸಿನ ಆಸರೆಯೂ ಸಿಗುವುದಿಲ್ಲ. ಪರವಾನಗಿ ಇಲ್ಲದೆ ಅದನ್ನು ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. 2023ರ ಆಗಸ್ಟ್‌ನಲ್ಲಿ ಹಾವೇರಿ ಸಮೀಪದ ಆಲದಕಟ್ಟಿಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕೆಲಸಗಾರರು ಸತ್ತದ್ದನ್ನು ನಮ್ಮ ಜಿಲ್ಲೆ ಇನ್ನೂ ಮರೆತಿಲ್ಲ.

ಬಂದೂಕು ಖಾಲಿ ಎಂಬುದು ಖಚಿತವಾಗಿ, ಕಾಗದಪತ್ರವೂ ಸರಿಯಾದ ಮೇಲೆ ಸ್ವಚ್ಛ ಮಾಡಬಹುದು. ಅದಕ್ಕೂ ಮುನ್ನ ನಳಿಕೆಯ ಮೇಲಿನ ಅಂಕಿ, ಅಕ್ಷರ, ಮುದ್ರೆಗಳ ಫೋಟೊ ತೆಗೆದಿಡಬೇಕು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಕಿಟ್ಟದ ರೂಪದ ಘನವಸ್ತುವಾಗಿ ಉಳಿಯುತ್ತದೆ. ಆ ಕಿಟ್ಟದಲ್ಲಿರುವ ಲವಣಗಳು ಮಳೆಗಾಲದ ಗಾಳಿಯಿಂದ ನೀರು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತವೆ. ಈ ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಕಿಟ್ಟದ ಮೇಲೆಯೇ ಎಣ್ಣೆ ಸುರಿದು ಒರೆಸಿದವರ ನಳಿಕೆ ಒಳಗೊಳಗೇ ತುಕ್ಕು ಹಿಡಿಯುವುದು ಇದರಿಂದಲೇ. ಕಟ್ಟಿಗೆಯ ಹಿಡಿಯಿಂದ ನಳಿಕೆ ಸುಲಭವಾಗಿ ಬಿಡಿಸಿ ಬಂದರೆ ಬಿಡಿಸಿ, ಬಿಸಿನೀರಿಗೆ ಒಂದೆರಡು ಹನಿ ಸೋಪು ಸೇರಿಸಿ, ಹಳೆಯ ಧೋತರದ ಹತ್ತಿಬಟ್ಟೆಯನ್ನು ಕೋಲಿಗೆ ಸುತ್ತಿ ತೊಳೆಯಬೇಕು. ಬಿಸಿನೀರಾದರೆ ಲೋಹ ಬೇಗ ಆರುತ್ತದೆ. ಬಟ್ಟೆ ಬೆಳ್ಳಗೆ ಬರುವ ತನಕ ತೊಳೆದು, ಒಣಬಟ್ಟೆಯಿಂದ ಒರೆಸಿ, ಬಿಸಿಲಿಗಿಟ್ಟು, ಆಮೇಲೆಯೇ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಕೊಬ್ಬರಿ ಎಣ್ಣೆಯಾಗಲಿ ಶೇಂಗಾ ಎಣ್ಣೆಯಾಗಲಿ ಬೇಡ, ಅವು ಕಾಲಕ್ರಮದಲ್ಲಿ ಅಂಟಾಗಿ ಧೂಳು ಹಿಡಿಯುತ್ತವೆ. ನಳಿಕೆಯನ್ನು ಹಿಡಿಗೆ ಕೂಡಿಸಿದ ಮೊಳೆಗಳು ಜಗ್ಗದಿದ್ದರೆ ಸುತ್ತಿಗೆ ಎತ್ತದೆ ಹಾಗೆಯೇ ಬಿಡುವುದು ಒಳ್ಳೆಯದು. ಆಗ ಹಿಡಿಗೆ ನೀರು ತಾಗದಂತೆ ಒಳಭಾಗವನ್ನಷ್ಟೇ ಒದ್ದೆಬಟ್ಟೆಯಿಂದ ಒರೆಸಬೇಕು.

ಹೊಳಪು ತರುವ ಹಂಬಲಕ್ಕೆ ಕಡಿವಾಣ ಹಾಕಲೇಬೇಕು. ಹಿತ್ತಾಳೆ ಪಾತ್ರೆಯಂತೆ ಬಂದೂಕಿನ ಹಿತ್ತಾಳೆ ಪಟ್ಟಿಯನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ, ಅದರ ಹುಳಿ ಪಕ್ಕದ ಕಬ್ಬಿಣಕ್ಕೂ ಕಟ್ಟಿಗೆಗೂ ಇಳಿಯುತ್ತದೆ. ಉಸುಕುಕಾಗದದಿಂದ ಉಜ್ಜಿದರೆ ಮುದ್ರೆಯೂ ಹೋಗುತ್ತದೆ, ವಯಸ್ಸಿನ ಕಂದುಬಣ್ಣವೂ ಹೋಗುತ್ತದೆ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ತಂದದ್ದೇ ಹಲಗಲಿಯ ಬೇಡರು ದಂಗೆ ಏಳಲು ಕಾರಣವಾಯಿತು. ಮರುವರ್ಷ, ಈಗ ಗದಗ ಜಿಲ್ಲೆಯಲ್ಲಿರುವ ನರಗುಂದವೂ ಸಿಡಿದೆದ್ದಿತು. ಇಂಥ ಸೀಮೆಯಲ್ಲಿ ಒಂದು ಹಳೆಯ ಬಂದೂಕಿನ ಮೈಮೇಲಿನ ಗೀರು ಕೂಡ ದಾಖಲೆಯಾಗಿರಬಹುದು, ಅದನ್ನು ಅಳಿಸುವ ಅಧಿಕಾರ ನಮಗಿಲ್ಲ ಎಂದೇ ನಾನು ನಂಬಿದ್ದೇನೆ.

ಕಟ್ಟಿಗೆಯ ಹಿಡಿಗೆ ಅಗಸಿ ಎಣ್ಣೆ ಸವರುವುದು ಹಳೆಯ ರೂಢಿ. ಆದರೆ ಅದು ವರ್ಷ ಕಳೆದಂತೆ ಕಟ್ಟಿಗೆಯನ್ನು ಕಪ್ಪಾಗಿಸುವುದರಿಂದ, ಬೆಲೆಯುಳ್ಳ ಹಳೆಯ ಹಿಡಿಗೆ ಮೇಣ ಹಚ್ಚುವುದೇ ಲೇಸು. ಅಗಸಿ ಎಣ್ಣೆಯನ್ನೇ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಕಾವು ಹುಟ್ಟಿ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು, ಆದ್ದರಿಂದ ಅದನ್ನು ಹೊರಗೆ ಹರವಿ ಒಣಗಿಸಬೇಕು.

ಇಡುವಾಗ ನಳಿಕೆಯ ಬಾಯಿ ಕೆಳಮುಖವಾಗಿದ್ದರೆ ಹೆಚ್ಚಾದ ಎಣ್ಣೆ ಹಿಡಿಯ ಕಟ್ಟಿಗೆಗೆ ಇಳಿಯುವುದಿಲ್ಲ. ತೊಗಲಿನ ಚೀಲ ತೇವ ಹಿಡಿಯುವುದರಿಂದ ಅದರಲ್ಲಿ ವರ್ಷವಿಡೀ ಇಡಬಾರದು. ಬೀಗವಿರುವ ಕಪಾಟು ಸಾಕು. ಆಷಾಢದಿಂದ ದೀಪಾವಳಿಯ ತನಕ ತಿಂಗಳಿಗೊಮ್ಮೆ ತೆಗೆದು ನೋಡಬೇಕು, ಬರಿಗೈಯಿಂದ ಮುಟ್ಟಿದಲ್ಲೆಲ್ಲ ಒರೆಸಿ ಇಡಬೇಕು, ಏಕೆಂದರೆ ಬೆವರಿನ ಉಪ್ಪು ಕೂಡ ತುಕ್ಕಿಗೆ ಸಾಕಾಗುತ್ತದೆ. ಖಂಡೇಪೂಜೆಯ ದಿನ ಹಚ್ಚಿದ ಒದ್ದೆ ಕುಂಕುಮ, ಭಂಡಾರಗಳನ್ನು ಬನ್ನಿ ಮುಡಿಯುವ ತನಕ ಬಿಡುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಅವು ಕುಳಿತ ಜಾಗದಲ್ಲಿಯೇ ನಳಿಕೆಯ ಮೇಲೆ ತುಕ್ಕಿನ ಕಲೆಗಳು ಎದ್ದದ್ದನ್ನು ಕಂಡ ಮೇಲೆ, ಈಗ ನಾವು ಕುಂಕುಮವನ್ನು ಹಿಡಿಗೆ ಕಟ್ಟಿದ ದಾರಕ್ಕಷ್ಟೇ ಹಚ್ಚುತ್ತೇವೆ.