ಮಡಿಕೆಗೆ ಬಿದ್ದ ಮುಖ: ಒಂದು ಪೇಟೆಂಟ್ ಅಪೀಲಿನ ಅನುಭವ

ದಾವಣಗೆರೆಯಲ್ಲಿ ಪೇಟೆಂಟ್ ಏಜೆಂಟ್ ಆಗಿರುವ ನನ್ನ ಹತ್ತಿರ ಬರುವುದು ಜಾಸ್ತಿ ಅಡಿಕೆ ಸುಲಿಯುವ, ಮಂಡಕ್ಕಿ ಹುರಿಯುವ ಯಂತ್ರಗಳೇ. ಸಾಫ್ಟ್‌ವೇರ್ ಅಪರೂಪ. ಮಂಡಿಪೇಟೆ ಕಡೆಯ ಆಲ್ಬಂ ಡಿಸೈನರ್ ಒಬ್ಬರದು ಅಂಥದ್ದು. ಮದುವೆ ಫೋಟೋಗಳ ಫೋಲ್ಡರ್ ಕೊಟ್ಟರೆ ಅವರ ಪ್ರೋಗ್ರಾಂ ತಾನೇ ಪುಟ ಜೋಡಿಸುತ್ತದೆ. ಪೇಟೆಂಟ್ ಕಚೇರಿಯಲ್ಲಿ ಅರ್ಜಿ ತಿರಸ್ಕಾರವಾಯಿತು. ಈ ಕೆಲಸ ಬಲ್ಲ ಯಾರಿಗಾದರೂ ಇದು ಹೊಳೆಯುತ್ತದೆ ಎಂಬುದೇ ಕಾರಣ.

ಆದೇಶದಲ್ಲಿ ಎರಡು ಹಳೆಯ ದಾಖಲೆ ತೋರಿಸಿದ್ದರು. ಒಂದು ಮುಖ ಗುರುತಿಸಿ ಫೋಟೋ ಕತ್ತರಿಸುತ್ತದೆ. ಇನ್ನೊಂದು ಟೆಂಪ್ಲೇಟ್‌ನ ಚೌಕಗಳಿಗೆ ಫೋಟೋ ತುಂಬುತ್ತದೆ. ಎರಡೂ ಸೇರಿದರೆ ಇವರದ್ದೇ ಅಲ್ವಾ? ಮುಖ ಗುರುತಿಸುವುದು ಹೊಸದು ಅಂತ ನಾವು ವಾದಿಸಲೇ ಇಲ್ಲ. ವಯೋಲಾ–ಜೋನ್ಸ್ ವಿಧಾನ 2001ರಲ್ಲೇ ಬಂದಿದೆ.

ನಾನು ಹಿಡಿದದ್ದು ಆಲ್ಬಂನ ಮಡಿಕೆಯನ್ನು. 36 ಇಂಚು ಅಗಲದ ಹಾಳೆ 18ನೇ ಇಂಚಿಗೆ ಮಡಚುತ್ತದೆ. ಹಳೆಯ ಎರಡೂ ವಿಧಾನ ಸೇರಿಸಿ ಧಾರೆಯ ಫೋಟೋ ಹಾಕಿ ನೋಡಿದೆವು. ಟೆಂಪ್ಲೇಟ್ ಮೊದಲೇ ಗಟ್ಟಿ, ಮುಖ ಬಂದು ಚೌಕದ ನಡುವೆ ಕೂರುತ್ತದೆ, ಹಾಳೆ ತುಂಬುವ ಚೌಕಕ್ಕೆ ಆ ನಡುವೇ ಮಡಿಕೆ. ಮದುಮಗಳ ಮೂಗಿನ ಮೇಲೇ ಗೆರೆ! ಇವರ ಪ್ರೋಗ್ರಾಂನಲ್ಲಿ ಟೆಂಪ್ಲೇಟೇ ಇಲ್ಲ. ಮೊದಲು ಮುಖಗಳ ಮತ್ತು ಮಡಿಕೆಯ ಜಾಗ ಲೆಕ್ಕ ಹಾಕುತ್ತದೆ, ಆಮೇಲೆ ಚೌಕ ಎಳೆಯುತ್ತದೆ. ಹೀಗೆ ಕ್ರಮ ತಿರುಗಿಸಲು ಎರಡೂ ದಾಖಲೆಯ ಒಂದು ಸಾಲೂ ಸುಳಿವು ಕೊಡುವುದಿಲ್ಲ.

ಇದನ್ನೆಲ್ಲ ವಿಚಾರಣೆ ಮುಗಿದ ಮೇಲಿನ ಲಿಖಿತ ಹೇಳಿಕೆಯಲ್ಲೇ, ಎರಡೂ ಪುಟಗಳ ಪ್ರಿಂಟ್ ಸಮೇತ ಕೊಟ್ಟಿದ್ದೆ. ಆ ಹೇಳಿಕೆಯನ್ನು ಸುಮ್ನೆ ಶಾಸ್ತ್ರಕ್ಕೆ ಬರೆದು ಕಳಿಸಬೇಡಿ. ಅಪೀಲು ನಿಲ್ಲುವುದೇ ಅದರ ಮೇಲೆ. ಆದೇಶದಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ.

ಇಂಥ ಅಪೀಲು ಕೇಳುತ್ತಿದ್ದ ಮಂಡಳಿ ಐಪಿಎಬಿ 2021ರಲ್ಲಿ ರದ್ದಾದ ಮೇಲೆ ಅಪೀಲು ನೇರವಾಗಿ ಹೈಕೋರ್ಟಿಗೆ ಹೋಗುತ್ತದೆ. 3 ತಿಂಗಳೊಳಗೆ ಹಾಕಬೇಕು. ಅಲ್ಲಿ ವಾದಿಸುವವರು ವಕೀಲರು, ಏಜೆಂಟ್ ಅಲ್ಲ. ಹಾಗಾಗಿ ವಕೀಲರ ಮುಂದೆ ನಿಜವಾದ ಆಲ್ಬಂ ಬಿಚ್ಚಿಟ್ಟೆ. ಅವರು ಮಡಿಕೆಯ ಮೇಲೆ ಬೆರಳಾಡಿಸಿದರು, ಮುಂದೆ ವಿವರಿಸಬೇಕಾದ್ದು ಜಾಸ್ತಿ ಉಳಿಯಲಿಲ್ಲ. ದೆಹಲಿ ಹೈಕೋರ್ಟಿನ 2022ರ ಅಗ್ರಿಬೋರ್ಡ್ ತೀರ್ಪು ನಮಗೆ ಬಲ ಕೊಟ್ಟಿತು. ಮೊದಲು ಏನಿತ್ತು, ಈಗಿನದು ಏನು, ಬಲ್ಲವರಿಗೆ ಅದು ಹೇಗೆ ಹೊಳೆಯುತ್ತದೆ, ಈ ಮೂರನ್ನೂ ಚರ್ಚಿಸದೆ ತಿರಸ್ಕರಿಸುವಂತಿಲ್ಲ ಎನ್ನುತ್ತದೆ ಅದು.

ತಿರಸ್ಕಾರದ ಆದೇಶ ರದ್ದಾಯಿತು. ಅರ್ಜಿ ಮರುಪರಿಶೀಲನೆಗೆ ವಾಪಸ್ ಬಂತು. ಈಗ ಸೆಕ್ಷನ್ 3(ಕೆ) ದಾಟಬೇಕು. ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ ಎನ್ನುವ ಸೆಕ್ಷನ್ ಅದು. ತಾಂತ್ರಿಕ ಪರಿಣಾಮ ಏನೆಂದು ತೋರಿಸುವ ಉತ್ತರ ಬರೆಯುತ್ತಿದ್ದೇನೆ.